ಅಧ್ಯಕ್ಷರ ಜಗಲಿಯಲ್ಲಿ ಬಿಟ್ಟ ಚಪ್ಪಲಿ

ವಿಮಾನದಲ್ಲಿ

ಅಮೆರಿಕದಲ್ಲಿ ಏನೇನು ನೋಡಿದೆ ಎಂದು ಕೇಳುವವರಿಗೆ ನನ್ನ ಉತ್ತರದಿಂದ ನಿರಾಸೆಯಾಗುತ್ತದೆ. ಎತ್ತರದ ಕಟ್ಟಡ ನೋಡಲಿಲ್ಲ, ಜಲಪಾತ ನೋಡಲಿಲ್ಲ. ನೋಡಿದ್ದು ಒಂದು ಕಾಲೇಜಿನ ಸಭಾಂಗಣ, ಒಂದು ಹಾಸ್ಟೆಲಿನ ಬಾಗಿಲು, ಆಮೇಲೆ ಆ ದೇಶದ ಮೊದಲ ಅಧ್ಯಕ್ಷರ ತೋಟದ ಮನೆ. ಈ ಮೂರು ಕಡೆಯಲ್ಲೂ ನನ್ನ ಮಾನ ಒಂದಿಷ್ಟು ಹೋಯಿತು. ಮೂರನೆಯ ಕಡೆ ಹೋದದ್ದು ಒಳ್ಳೆಯದೇ ಆಯಿತು ಅನ್ನುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಕಂಟೋನ್ಮೆಂಟಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಮನೆ ಹಲಸೂರು. ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುತ್ತಿದ್ದೆ. ನನ್ನ ಜೋಡಿ ನುಸ್ರತ್, ಶಿವಾಜಿನಗರದವಳು. ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಯೊಂದರಲ್ಲಿ ಅವರದು ಗುಂಡಿ, ಲೇಸು, ಜರಿಪಟ್ಟಿ ಮಾರುವ ಅಂಗಡಿ. ಪಿಯುಸಿಯಿಂದಲೂ ನಾವಿಬ್ಬರೂ ಒಟ್ಟಿಗೆ ವೇದಿಕೆ ಹತ್ತಿದವರು. ನಾನು ಮೊದಲು ಮಾತಾಡುವುದು, ಅವಳು ಎರಡನೆಯದಾಗಿ. ನಾನು ಎದುರಾಳಿಯ ವಾದವನ್ನು ಒಡೆದು ಚೂರು ಮಾಡಿ ಕೂರುತ್ತಿದ್ದೆ; ಅವಳು ಎದ್ದು ಆ ಚೂರುಗಳನ್ನು ಗುಡಿಸಿ, ನಮ್ಮ ಮಾತಿಗೆ ಒಂದು ಆಕಾರ ಕೊಡುತ್ತಿದ್ದಳು. ಚಪ್ಪಾಳೆ ನನಗೆ, ಗೆಲುವು ಅವಳಿಂದ. ಇದು ಈಗ ಹೇಳುತ್ತಿರುವ ಮಾತು. ಆಗ ಎರಡೂ ನನ್ನದೇ ಎಂದುಕೊಂಡಿದ್ದೆ.

ರಾಜ್ಯಮಟ್ಟದಲ್ಲಿ ಗೆದ್ದದ್ದರಿಂದ ಅಮೆರಿಕದ ಕಾಲೇಜೊಂದು ನಮ್ಮನ್ನು ಕರೆಸಿಕೊಂಡಿತು. ವಿಷಯವನ್ನು ಮೊದಲೇ ಕಳಿಸಿದ್ದರು: ಹೆಣ್ಣುಮಕ್ಕಳ ಓದಿಗೆ ಅತಿ ದೊಡ್ಡ ಅಡ್ಡಿ ಸಂಪ್ರದಾಯವೇ. ನಾವು ಹೌದು ಎಂದು ವಾದಿಸಬೇಕು. ನನ್ನಂಥವಳಿಗೆ ಇದು ಹಬ್ಬದೂಟ. ದೇವರು, ದೊಡ್ಡವರು, ಫೋಟೋ ಆಗಿ ಗೋಡೆ ಹತ್ತಿದವರು, ಯಾರನ್ನೂ ಪ್ರಶ್ನೆ ಕೇಳದೆ ಬಿಡಬಾರದು ಎಂಬ ವ್ರತ ನನ್ನದು.

ವಿಮಾನದಲ್ಲಿ ನುಸ್ರತ್ ತನ್ನ ತಾಯಿಯ ವಿಷಯ ಎತ್ತಿದಳು. ಅವಳ ಅಮ್ಮಿ ಏಳನೆಯ ಕ್ಲಾಸಿನವರೆಗೂ ತರಗತಿಗೇ ಮೊದಲು. ಹೈಸ್ಕೂಲು ಮೇನ್ ರೋಡಿನ ಆಚೆ ಇತ್ತು. ಅಷ್ಟು ದೂರ ಹುಡುಗಿ ಹೋಗುವುದು ಬೇಡ ಎಂದು ಅವಳ ಅಜ್ಜ, ಅಂದರೆ ಅಮ್ಮಿಯ ತಂದೆ, ಓದು ಬಿಡಿಸಿದರು. ಪುಸ್ತಕಗಳನ್ನೆಲ್ಲ ಒಂದು ದಿನ ರದ್ದಿಯವನು ತೂಗಿಕೊಂಡು ಹೋದ. ಅಮ್ಮಿ ಬಾಗಿಲ ಪರದೆಯ ಹಿಂದೆ ನಿಂತು ನೋಡಿದ್ದರಂತೆ.

ಅಷ್ಟು ಹೇಳುವ ಹೊತ್ತಿಗೆ ನಾನು ಪೆನ್ನು ತೆಗೆದಾಗಿತ್ತು.

"ಸಾಕು ಕಣೇ, ಇದು ಸೂಪರ್ ಪಾಯಿಂಟು."

"ಇನ್ನೂ ಇದೆ, ಕೇಳು."

"ಆಮೇಲೆ ಹೇಳು. ಮೊದಲು ಇದನ್ನ ಬರ್ಕೊಂಡ್ಬಿಡ್ತೀನಿ."

ಬರೆದುಕೊಂಡೆ. ಅಷ್ಟರಲ್ಲಿ ಊಟದ ತಟ್ಟೆ ಬಂತು. ಆಮೇಲೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಸಭಾಂಗಣದಲ್ಲಿ

ಚರ್ಚೆಯ ರೀತಿ ಅಲ್ಲೂ ನಮ್ಮದರಂತೆಯೇ. ಎದುರಾಳಿ ಮಾತಾಡುತ್ತಿರುವಾಗಲೇ ಎದ್ದು ನಿಂತು ಪ್ರಶ್ನೆ ಎಸೆಯಬಹುದು. ಅದರಲ್ಲಿ ನಾನು ಪಳಗಿದವಳು. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದು ಬೆಳೆದವಳಿಗೆ ಇನ್ನೊಬ್ಬರ ವಾಕ್ಯದ ನಡುವೆ ಜಾಗ ಹಿಡಿಯುವುದು ಯಾವ ದೊಡ್ಡ ಕೆಲಸ? ಮೊದಲ ಎರಡು ಸುತ್ತು ಸಲೀಸಾಗಿ ಗೆದ್ದೆವು.

ಸೆಮಿಫೈನಲಿನಲ್ಲಿ ನಾನು ಅಮ್ಮಿಯ ಕಥೆ ಹೇಳಿದೆ. ನುಸ್ರತ್‌ಗೆ ಮೊದಲೇ ತಿಳಿಸಲಿಲ್ಲ. ನನ್ನ ಗೆಳತಿಯ ತಾಯಿ ಎಂದೆ. ತರಗತಿಗೇ ಮೊದಲಾಗಿದ್ದ ಹುಡುಗಿ ಎಂದೆ. ತೂಕಕ್ಕೆ ಹೋದ ಪುಸ್ತಕಗಳ ಬಗ್ಗೆ ಹೇಳಿ ದನಿ ಇಳಿಸಿದೆ. ಆಮೇಲೆ, ಆಕೆ ಇವತ್ತಿಗೂ ಅಂಗಡಿಯ ಗಲ್ಲಾದ ಹಿಂದೆ ಗುಂಡಿ ಎಣಿಸುತ್ತಾ ಕೂತಿದ್ದಾಳೆ, ಆಕೆಯ ಪ್ರಪಂಚ ಆ ಮೇಜಿನ ಅಂಚಿಗೆ ಮುಗಿಯುತ್ತದೆ ಎಂದೆ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಬೆಂಗಳೂರಿನಿಂದ ಬಂದವರು ನಾವಿಬ್ಬರೇ. ಗೆಳತಿ ಯಾರೆಂದು ಯಾರೂ ಕೇಳಬೇಕಿರಲಿಲ್ಲ. ಎಲ್ಲರೂ ನುಸ್ರತ್ ಕಡೆ ತಿರುಗಿ ನೋಡಿದರು.

ಅವಳ ಸರದಿ ಬಂತು. ಎಂಟು ನಿಮಿಷದ ಅವಕಾಶ. ಅವಳು ಎದ್ದಳು, ಕೈಯಲ್ಲಿದ್ದ ಕಾಗದವನ್ನು ನೋಡಿದಳು, ಮಡಚಿ ಇಟ್ಟಳು. ಯಾರು ಬೇಕಾದರೂ ಹೇಳಬಹುದಾದ ನಾಲ್ಕು ಮಾತು ಹೇಳಿ ಐದೇ ನಿಮಿಷಕ್ಕೆ ಕೂತುಬಿಟ್ಟಳು. ತೀರ್ಪು ಕೊಡುವವರು, ಮೊದಲ ಭಾಷಣಕಾರ್ತಿ ಅಮೋಘ, ಎರಡನೆಯವರಿಗೆ ಹೇಳಲು ಏನೂ ಉಳಿದಿರಲಿಲ್ಲ ಎಂದರು. ಸೋತೆವು.

ಹಾಸ್ಟೆಲಿನ ಕೋಣೆಯಲ್ಲಿ ನುಸ್ರತ್ ಜಡೆ ಬಿಚ್ಚಿ ಬಾಚಿಕೊಳ್ಳುತ್ತಾ, ದನಿ ಏರಿಸದೆ, ಒಂದೇ ಮಾತು ಹೇಳಿದಳು.

"ಊರಿಗೆ ಹೋದ್ಮೇಲೆ ಬೇರೆ ಪಾರ್ಟ್‌ನರ್ ನೋಡ್ಕೋ ಮಂಜು. ನಾನು ಇನ್ನು ನಿನ್ ಜೊತೆ ನಿಲ್ಲಲ್ಲ."

ನಾನು ವಾದಕ್ಕೆ ಇಳಿದೆ. ಕಥೆ ಹೇಳಿದ್ದು ತಂಡಕ್ಕಾಗಿ. ಹೆಸರು ಹೇಳಲಿಲ್ಲ. ಸುಳ್ಳು ಹೇಳಲಿಲ್ಲ. ನೀನು ಮೂರು ನಿಮಿಷ ಬಿಟ್ಟು ಕೂತದ್ದಕ್ಕೆ ನಾನು ಹೊಣೆಯಲ್ಲ. ಅವಳು ಯಾವುದಕ್ಕೂ ಉತ್ತರ ಕೊಡಲಿಲ್ಲ. ನಮ್ಮ ಲೆಕ್ಕದಲ್ಲಿ ಎದುರಾಳಿ ಉತ್ತರ ಕೊಡದಿದ್ದರೆ ಗೆದ್ದಂತೆ. ಅವತ್ತು ಗೆದ್ದು ಮಲಗಿದವಳಿಗೆ ನಿದ್ದೆ ಬರಲಿಲ್ಲ. ನಾಲ್ಕು ವರ್ಷದ ಗೆಳತಿ ಅವಳು. ಅವಳಿಲ್ಲದೆ ವೇದಿಕೆ ಹತ್ತುವುದನ್ನು ನಾನು ಯೋಚಿಸಿಯೂ ಇರಲಿಲ್ಲ.

ಬಾಗಿಲು ಹಿಡಿದು

ಸೋತವರಿಗೆ ಮರುದಿನ ಬಿಡುವು. ಕಾಲೇಜಿನವರು ಒಂದು ಬಸ್ಸು ಮಾಡಿ ಮೊದಲ ಅಧ್ಯಕ್ಷರ ಎಸ್ಟೇಟ್ ತೋರಿಸಲು ಏರ್ಪಾಡು ಮಾಡಿದ್ದರು. ನಮ್ಮೊಂದಿಗೆ ಬಂದಿದ್ದ ಲೆಕ್ಚರರ್ ಮೇಡಂ ಚಳಿಗೆ ಹೆದರಿ ಕೋಣೆಯಲ್ಲೇ ಉಳಿದರು. ನುಸ್ರತ್ ಮುಂದೆ ನಡೆದಳು, ನಾನು ಹಿಂದೆ.

ಹಾಸ್ಟೆಲಿನ ಬಾಗಿಲಲ್ಲಿ ಒಂದು ಸಣ್ಣ ಅನಾಹುತವಾಯಿತು. ಅಲ್ಲಿಯ ಜನ ಬಾಗಿಲು ತೆಗೆದರೆ ಹಿಂದೆ ಬರುವವರಿಗಾಗಿ ಹಿಡಿದು ನಿಲ್ಲುತ್ತಾರೆ. ಎರಡು ದಿನದಿಂದ ಇದನ್ನು ನೋಡಿದ್ದ ನಾನೂ ಅವತ್ತು ಹಿಡಿದು ನಿಂತೆ. ಒಬ್ಬ ಬಂದ, ಥ್ಯಾಂಕ್ಯೂ ಎಂದ. ಇನ್ನೊಬ್ಬಳು ಬಂದಳು. ಅವಳ ಹಿಂದೆ ಇಡೀ ಫುಟ್ಬಾಲ್ ತಂಡ. ಯಾವಾಗ ಬಿಡಬೇಕು ಎಂಬುದು ನನಗೆ ಗೊತ್ತಿಲ್ಲ. ಬಿಟ್ಟರೆ ಮುಂದಿನವನ ಮೂಗಿಗೆ ಬಡಿಯುತ್ತದೆ. ಥ್ಯಾಂಕ್ಯೂಗಳನ್ನು ಸ್ವೀಕರಿಸುತ್ತಾ ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವಳ ಹಾಗೆ ನಿಂತೇ ಇದ್ದೆ. ಬಸ್ಸಿನ ಕಿಟಕಿಯಿಂದ ನುಸ್ರತ್ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಬಂದು ಎಳೆದುಕೊಂಡು ಹೋಗುತ್ತಿದ್ದಳು.

ಬಸ್ಸಿನಲ್ಲಿ ಒಂದು ಕರಪತ್ರ ಕೊಟ್ಟರು. ಈ ಅಧ್ಯಕ್ಷರು ಹುಡುಗರಾಗಿದ್ದಾಗ ನಡೆನುಡಿಯ ನಿಯಮಗಳನ್ನು ನೋಟ್‌ಬುಕ್ಕಿನಲ್ಲಿ ಅಂದವಾಗಿ ನಕಲು ಮಾಡಿದ್ದರಂತೆ. ಹೇಗೆ ಕೂರಬೇಕು, ಊಟದ ಮೇಜಿನಲ್ಲಿ ಹೇಗಿರಬೇಕು, ದೊಡ್ಡವರ ಎದುರು ಹೇಗೆ ಮಾತಾಡಬೇಕು. ಅದೇ ಕರಪತ್ರದ ಕೆಳಗೆ, ಎಸ್ಟೇಟಿನ ಹೊಲಗದ್ದೆಗಳಲ್ಲಿ ದುಡಿದದ್ದು ಅವರ ಗುಲಾಮರು ಎಂದೂ ಇತ್ತು. ನನಗೆ ಇಷ್ಟೇ ಸಾಕಾಯಿತು. ಪಕ್ಕದ ಸೀಟಿನ ಅಪರಿಚಿತ ವಿದ್ಯಾರ್ಥಿಗೆ ಅರ್ಧ ದಾರಿ ಉಪನ್ಯಾಸ ಕೊಟ್ಟೆ: ಮನುಷ್ಯರನ್ನು ಕೊಂಡು ಮಾರುವವನಿಗೆ ಚಮಚ ಹಿಡಿಯುವ ರೀತಿ ಗೊತ್ತಿದ್ದರೆಷ್ಟು ಬಿಟ್ಟರೆಷ್ಟು? ನಾನು ಅಲ್ಲಿಗೆ ಕೈಮುಗಿಯಲು ಹೋಗುತ್ತಿಲ್ಲ, ಪ್ರಶ್ನೆ ಕೇಳಲು ಹೋಗುತ್ತಿದ್ದೇನೆ. ಅವನು ಸೌಜನ್ಯದಿಂದ ತಲೆಯಾಡಿಸಿದ. ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿದರು. ನಮ್ಮಲ್ಲಿ ಬಸ್ಸು ನಿಲ್ಲಿಸಿದ್ದಕ್ಕೆ ಡ್ರೈವರನಿಗೆ ಥ್ಯಾಂಕ್ಸ್ ಹೇಳಿದರೆ, ನಿಲ್ಲಿಸದೆ ಹೋದ ಯಾವುದೋ ದಿನದ ಬಗ್ಗೆ ಚುಚ್ಚಿದಳು ಎಂದುಕೊಂಡಾನು.

ಜಗಲಿ

ಮನೆ ದೊಡ್ಡದೇ. ನದಿಯ ಕಡೆಗೆ ಉದ್ದನೆಯ ಜಗಲಿ, ಎತ್ತರದ ಕಂಬಗಳು, ಎದುರಿಗೆ ಇಳಿಜಾರಿನ ಹುಲ್ಲು, ಕೆಳಗೆ ಅಗಲವಾಗಿ ಹರಿಯುವ ನೀರು. ಮರಗಳೆಲ್ಲ ಕೆಂಪಗೆ ಹಳದಿಯಾಗಿ ಎಲೆ ಉದುರಿಸುತ್ತಿದ್ದವು. ಅಂಥ ಜಗಲಿಯಲ್ಲಿ ಕೂತರೆ ಯಾರಿಗಾದರೂ ದೇಶ ಆಳಬೇಕು ಅನಿಸೀತು.

ತೋರಿಸಲು ಬಂದವರು ಮಿಸ್ಟರ್ ಹಾರ್ಲನ್. ಎಪ್ಪತ್ತು ದಾಟಿದ ಕಪ್ಪು ಜನಾಂಗದ ಮುದುಕರು. ಮೊದಲು ಶಾಲೆಯ ಮೇಷ್ಟರಾಗಿದ್ದು ಈಗ ವಾರಕ್ಕೆರಡು ದಿನ ಇಲ್ಲಿ ಮನೆ ತೋರಿಸುತ್ತಾರಂತೆ. ಕೋಟು, ಟೈ, ತಲೆಗೆ ಹ್ಯಾಟು. ನಿಧಾನದ ಮಾತು. ಯಾರಾದರೂ ಪ್ರಶ್ನೆ ಕೇಳಿದರೆ, ಅವರು ನಿಲ್ಲಿಸಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಿದ್ದರು. ನಮ್ಮ ಸ್ಪರ್ಧೆಗಳಲ್ಲಿ ಅಷ್ಟು ಹೊತ್ತಿನಲ್ಲಿ ಎರಡು ವಾದ ಮಂಡಿಸಬಹುದು.

ಹೊರಗೋಡೆಯನ್ನು ತೋರಿಸಿ, ಇದು ಕಲ್ಲಿನಂತೆ ಕಂಡರೂ ಮರ ಎಂದರು. ಹಲಗೆಯನ್ನು ಕಲ್ಲಿನ ಆಕಾರಕ್ಕೆ ಕೊರೆದು, ಹಸಿ ಬಣ್ಣದ ಮೇಲೆ ಮರಳು ಎರಚಿದ್ದಾರಂತೆ. ನನಗೆ ಇನ್ನೊಂದು ಅಸ್ತ್ರ ಸಿಕ್ಕಿತು. ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಾ ಎಲ್ಲರ ಜೊತೆ ಒಳಗೆ ಹೋದೆ.

ಒಳಗೆ ಹಸಿರು ಗೋಡೆಯ ಊಟದ ಕೋಣೆ, ಓದುವ ಕೋಣೆ, ಅಧ್ಯಕ್ಷರು ಕೊನೆಯುಸಿರೆಳೆದ ಮಂಚ. ಮಿಸ್ಟರ್ ಹಾರ್ಲನ್ ಅತಿಥಿಗಳನ್ನು ಆ ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತಿದ್ದರು ಎಂದು ವಿವರಿಸುತ್ತಿದ್ದರು. ಊಟಕ್ಕೆ ಯಾರು ಬಂದರೂ ಹಾಗೇ ಕಳಿಸುತ್ತಿರಲಿಲ್ಲ ಎನ್ನುತ್ತಿದ್ದಾಗ ನಾನು ನಡುವೆಯೇ ಬಾಯಿ ಹಾಕಿದೆ. ಆ ಊಟ ಬೇಯಿಸಿದವರು ಯಾರು? ನಾವು ಬಂದು ಅರ್ಧ ಗಂಟೆಯಾಯಿತು, ಗುಲಾಮರು ಎಂಬ ಶಬ್ದ ನಿಮ್ಮ ಬಾಯಿಂದ ಬರಲಿಲ್ಲ. ಮರವನ್ನು ಕಲ್ಲು ಎಂದು ತೋರಿಸುವ ಮನೆ ಇನ್ನೇನೇನನ್ನು ಮುಚ್ಚಿಡುತ್ತಿದೆ? ನಡತೆಯ ನಿಯಮ ಬರೆದವರ ನಡತೆಯ ಬಗ್ಗೆ ಹೇಳಲು ನಿಮಗೆ ನಾಚಿಕೆಯೇ?

ಚೆನ್ನಾಗಿ ಬಂತು ಎಂದೇ ಅನಿಸಿತು. ಇಂಗ್ಲಿಷೂ ಎಲ್ಲೂ ತಡವರಿಸಲಿಲ್ಲ. ಸುತ್ತಲಿನವರು ನೆಲ ನೋಡಿದರು. ಮಿಸ್ಟರ್ ಹಾರ್ಲನ್ ಯಥಾಪ್ರಕಾರ ಒಂದು ಉಸಿರು ಕಾದರು.

"ನಿಮ್ಮ ಮಾತು ಮುಗಿಯಿತೇ ಮಗಳೇ?"

ಮುಗಿಯಿತು ಎಂದೆ.

"ಒಳ್ಳೆಯ ಪ್ರಶ್ನೆ. ಆ ಜನರ ವಿಷಯವನ್ನು ನಾನು ಅವರು ಮಲಗಿರುವ ಜಾಗದಲ್ಲಿ ನಿಂತು ಹೇಳುತ್ತೇನೆ. ಈ ಮನೆಯೊಳಗೆ, ಇವರ ಪಿಂಗಾಣಿ ತಟ್ಟೆಗಳ ನಡುವೆ ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಇಲ್ಲಿಂದ ನೇರ ಅಲ್ಲಿಗೇ ಹೋಗುವುದು. ನನ್ನ ತಾಯಿಯ ಕಡೆಯವರು ಈ ಸೀಮೆಯವರೇ."

ಅಷ್ಟೇ. ಗುಲಾಮಗಿರಿಯ ಬಗ್ಗೆ ನಾನು ಪಾಠ ಹೇಳಿದ್ದು ಯಾರಿಗೆ ಎಂಬುದು ಆಗ ನನ್ನ ತಲೆಗೆ ಹೋಯಿತು. ಅವರ ಮುಖ ಅರ್ಧ ಗಂಟೆಯಿಂದ ನನ್ನ ಎದುರಿಗೇ ಇತ್ತು.

ಎಲ್ಲರೂ ಇನ್ನೊಂದು ಬಾಗಿಲಿನಿಂದ ಹೊರಬಿದ್ದೆವು. ಕಲ್ಲುಹರಳಿನ ದಾರಿ. ಎರಡು ಹೆಜ್ಜೆ ಇಟ್ಟೆ, ಪಾದಕ್ಕೆ ಚುಚ್ಚಿತು. ಕೆಳಗೆ ನೋಡಿದರೆ ನನ್ನ ಕಾಲಲ್ಲಿ ಬರೀ ಕಾಲುಚೀಲ.

ಚಪ್ಪಲಿ ಆಚೆ ಜಗಲಿಯಲ್ಲಿತ್ತು. ಹೊಸ ಶೂ ಕಚ್ಚಿ ಬೊಬ್ಬೆ ಎದ್ದಿದ್ದರಿಂದ ಅವತ್ತು ಕಾಲುಚೀಲದ ಮೇಲೇ ಚಪ್ಪಲಿ ಮೆಟ್ಟಿ ಬಂದಿದ್ದೆ. ದೊಡ್ಡ ಮನೆಯ ಹೊಸ್ತಿಲು ಕಂಡೊಡನೆ ಕಾಲು ತನ್ನಷ್ಟಕ್ಕೆ ತಾನು ಚಪ್ಪಲಿಯನ್ನು ಬಿಟ್ಟು, ಕಂಬದ ಪಕ್ಕಕ್ಕೆ ಸರಿಸಿ, ಒಳಗೆ ಹೋಗಿತ್ತು. ತಲೆ ಆ ಅಧ್ಯಕ್ಷರನ್ನು ಹೇಗೆ ಕೆಡವಬೇಕೆಂದು ಯೋಚಿಸುತ್ತಿದ್ದಾಗ ಕಾಲು ಅವರಿಗೆ ಮರ್ಯಾದೆ ಕೊಟ್ಟು ಬಂದಿತ್ತು. ಹಲಸೂರಿನಲ್ಲಾದರೆ ಹೋದ ಬಾಗಿಲಲ್ಲೇ ಹೊರಗೆ ಬರುತ್ತೇವೆ. ಇಲ್ಲಿ ಒಳಗೆ ಹೋಗುವ ಬಾಗಿಲು ಒಂದು, ಹೊರಗೆ ಬರುವುದು ಇನ್ನೊಂದು, ನಡುವೆ ಹಗ್ಗ ಕಟ್ಟಿದ್ದಾರೆ. ಮುಂದಿನ ಗುಂಪು ಆಗಲೇ ಒಳಗಿದೆ.

ಮಿಸ್ಟರ್ ಹಾರ್ಲನ್ ನನ್ನ ಕಾಲನ್ನು ನೋಡಿದರು. ವಿಷಯ ಏನೆಂದು ಕೇಳಿದರು. ಹೇಳಿದೆ. ನನ್ನ ಇಂಗ್ಲಿಷು ಆಗ ಚೆನ್ನಾಗಿಯೇ ತಡವರಿಸಿತು. ಅವರು ನಗಲಿಲ್ಲ. ಇಲ್ಲೇ ನಿಂತಿರಿ, ಹರಳು ಚುಚ್ಚುತ್ತವೆ ಎಂದು ಹೇಳಿ ಮನೆಯನ್ನು ಸುತ್ತು ಹಾಕಿಕೊಂಡು ಹೋದರು. ಇಡೀ ಗುಂಪು ನನಗಾಗಿ ಕಾದು ನಿಂತಿತು. ಸ್ವಲ್ಪ ಹೊತ್ತಿಗೆ ಮುದುಕರು ಬಂದರು, ಕೋಟು ಟೈ ಹಾಕಿಕೊಂಡು, ಕೈಯಲ್ಲಿ ನನ್ನ ಕಮರ್ಷಿಯಲ್ ಸ್ಟ್ರೀಟ್ ಚಪ್ಪಲಿ ಹಿಡಿದು. ಬಂದವರು ಬಗ್ಗಿ, ನನ್ನ ಕಾಲಿಗೆ ಅನುಕೂಲವಾಗುವಂತೆ ತಿರುಗಿಸಿ ಇಟ್ಟರು.

ತಂದೆಯ ವಯಸ್ಸಿಗಿಂತ ದೊಡ್ಡವರು ನನ್ನ ಚಪ್ಪಲಿ ಮುಟ್ಟಿದರು ಎಂಬುದೊಂದೇ ನನಗೆ ಕಂಡದ್ದು. ಅಯ್ಯಯ್ಯೋ ಎಂದು ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಅವರು ನಾನು ಏನೋ ಬೀಳಿಸಿಕೊಂಡೆ ಎಂದುಕೊಂಡು ಇನ್ನಷ್ಟು ಬಗ್ಗಿ ನೆಲದಲ್ಲಿ ಹುಡುಕತೊಡಗಿದರು. ಕಿವಿಯೋಲೆಯೇ ಎಂದು ಕೇಳಿದರು. ಇಬ್ಬರೂ ಹರಳುಗಳ ನಡುವೆ ಇಲ್ಲದ ಓಲೆ ಹುಡುಕುತ್ತಿದ್ದಾಗ ಹಿಂದಿನಿಂದ ನುಸ್ರತ್ ನಗು ಕೇಳಿತು. ಎರಡು ದಿನದಲ್ಲಿ ಮೊದಲನೆಯದು.

"ನೀನು ಬಿಟ್ಟಿದ್ದು ನಾನ್ ನೋಡ್ದೆ," ಎಂದಳು ಕನ್ನಡದಲ್ಲಿ.

"ನೋಡಿ ಮತ್ತೆ ಹೇಳೋದಲ್ವೇನೇ?"

"ಏನೋ ದೊಡ್ಡ ಪಾಯಿಂಟ್ ಯೋಚ್ನೆ ಮಾಡ್ತಿದ್ದೆ. ಮಧ್ಯ ಮಾತಾಡ್ಸೋದು ಬೇಡ ಅಂತ."

ಮರಗಳ ಕೆಳಗೆ

ಗುಲಾಮರ ಸ್ಮಶಾನ ದಿಣ್ಣೆಯ ಮೇಲೆ, ಮರಗಳ ನೆರಳಿನಲ್ಲಿದೆ. ಅಧ್ಯಕ್ಷರ ಗೋರಿಗೆ ಇಟ್ಟಿಗೆಯ ಕಟ್ಟಡ, ಕಬ್ಬಿಣದ ಬಾಗಿಲು. ಇಲ್ಲಿ ಗೋರಿಗಳ ಗುರುತೇ ಇಲ್ಲ. ಎಲೆ ಬಿದ್ದ ನೆಲ, ಒಂದು ಸ್ಮಾರಕದ ಕಲ್ಲು, ಅಷ್ಟೇ. ಕೆಳಗೆ ಎಷ್ಟು ಜನ, ಯಾರು ಎಲ್ಲಿ ಎಂಬುದು ಪೂರ್ತಿ ಯಾರಿಗೂ ತಿಳಿಯದು.

ಆವರಣದ ಮುಂದೆ ಮಿಸ್ಟರ್ ಹಾರ್ಲನ್ ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಾನು ಅಲ್ಲೇ ತಡೆದು ನಿಂತೆ. ಚಪ್ಪಲಿ ಬಿಡಬೇಕು ಅನಿಸುತ್ತಿತ್ತು, ಈಗ ಧೈರ್ಯ ಸಾಲದು. ಅವರು ಗಮನಿಸಿದರು.

"ಬಿಡಬೇಕೆನಿಸಿದರೆ ಬಿಡಿ. ಈ ಸಲ ಹೋದ ದಾರಿಯಲ್ಲೇ ವಾಪಸು ಬರುತ್ತೇವೆ."

ಬಿಟ್ಟೆ. ಪಕ್ಕದಲ್ಲಿ ನುಸ್ರತ್ ಬಗ್ಗಿ ತನ್ನ ಕ್ಯಾನ್ವಾಸ್ ಶೂಗಳ ದಾರ ಬಿಚ್ಚತೊಡಗಿದಳು.

ಅವರು ಹೇಳಿದ್ದನ್ನು ಇಲ್ಲಿ ಬರೆದರೆ ಒಣಗಿ ಹೋಗುತ್ತದೆ. ಯಾವ ಅಲಂಕಾರವೂ ಇರಲಿಲ್ಲ. ಅಡಿಗೆಯವರು, ಕಮ್ಮಾರರು, ನೂಲುವವರು, ಓಡಿಹೋದವರು, ಓಡಿಹೋಗಿ ಸಿಕ್ಕಿಬಿದ್ದವರು. ಅಧ್ಯಕ್ಷರು ತಮ್ಮ ಗುಲಾಮರ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದದ್ದನ್ನೂ ಹೇಳಿದರು. ಬದುಕಿರುವಾಗ ಬಿಡಲಿಲ್ಲ ಎಂಬುದನ್ನೂ ಅದೇ ದನಿಯಲ್ಲಿ ಹೇಳಿದರು. ಎರಡನ್ನೂ ಹೇಳಿ ನಮ್ಮ ಕೈಗೆ ಬಿಟ್ಟರು. ಆಮೇಲೆ ಗೊತ್ತಿರುವ ಕೆಲವು ಹೆಸರುಗಳನ್ನು ಒಂದೊಂದಾಗಿ ಹೇಳಿದರು, ಪ್ರತಿ ಹೆಸರಿನ ನಂತರ ಒಂದು ಉಸಿರು ಬಿಟ್ಟು. ಯಾರೂ ನಡುವೆ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಅಧ್ಯಕ್ಷರ ಬಗ್ಗೆ ನನ್ನ ಅಭಿಪ್ರಾಯ ಅವತ್ತು ಬದಲಾಗಲಿಲ್ಲ, ಇವತ್ತಿಗೂ ಇಲ್ಲ. ಮನೆಯೊಳಗೆ ನಾನು ಕೇಳಿದ ಪ್ರಶ್ನೆಯೂ ತಪ್ಪಲ್ಲ. ಆದರೆ ಉತ್ತರ ಹತ್ತು ನಿಮಿಷ ದೂರದಲ್ಲಿತ್ತು. ಅಷ್ಟು ನಡೆಯುವ ಮೊದಲೇ ನಾನು ಅರ್ಧ ಕೇಳಿದ್ದನ್ನು ಹಿಡಿದುಕೊಂಡು ತೀರ್ಪು ಬರೆದಿದ್ದೆ. ಇನ್ನೊಬ್ಬರ ಮಾತನ್ನು ಹೀಗೆ ಅರ್ಧಕ್ಕೆ ಕತ್ತರಿಸಿದ್ದು ಆ ವಾರದಲ್ಲಿ ಎರಡನೆಯ ಸಲ ಎಂಬುದು ಆಗ ನೆನಪಾಯಿತು.

ವಾಪಸು ಹೋಗುವಾಗ ಮಿಸ್ಟರ್ ಹಾರ್ಲನ್ ಅವರಿಗೆ ಕ್ಷಮಿಸಿ ಎಂದೆ. ಯಾವುದಕ್ಕೆ, ಚಪ್ಪಲಿಗೋ ಪ್ರಶ್ನೆಗೋ ಎಂದು ಕೇಳಿದರು. ಎರಡಕ್ಕೂ ಎಂದೆ. ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಬೇಡಿ, ಅದನ್ನು ನನಗೇ ಬಿಡಿ, ನನ್ನ ಮುಂದಿನ ಗುಂಪಿಗೆ ಬೇಕಾಗುತ್ತದೆ ಎಂದರು.

ನದಿಯ ಕಡೆಯ ಬೆಂಚು

ಬಸ್ಸಿಗೆ ಇನ್ನೂ ಹೊತ್ತಿತ್ತು. ನುಸ್ರತ್ ನದಿಯ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಕ್ಷಮೆಯ ಭಾಷಣ ಒಂದನ್ನು ಸಿದ್ಧ ಮಾಡಿದ್ದೆ, ಮೂರು ಅಂಶಗಳಲ್ಲಿ. ಅದನ್ನು ಬಿಟ್ಟು, "ಪುಸ್ತಕ ರದ್ದಿಗೆ ಹೋದ್ಮೇಲೆ ಅಮ್ಮಿ ಏನ್ ಮಾಡಿದ್ರು?" ಎಂದು ಕೇಳಿದೆ.

ಅವಳು ನದಿಯನ್ನೇ ನೋಡುತ್ತಿದ್ದಳು. ನಾನು ಕಾದೆ. ಕಷ್ಟದ ಕೆಲಸ ಅದು. ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡೆ.

ಆಮೇಲೆ ಹೇಳಿದಳು. ಅಮ್ಮಿಗೆ ಮದುವೆಯಾಗಿ ಮೂರು ಮಕ್ಕಳಾದ ಮೇಲೆ, ಒಂದು ದಿನ ಅಂಗಡಿಯ ಹಳೆಯ ಡಬ್ಬಗಳ ಮೇಲಿನ ಇಂಗ್ಲಿಷ್ ಚೀಟಿಗಳನ್ನು ಓದಲು ಒದ್ದಾಡುತ್ತಿದ್ದುದನ್ನು ಅತ್ತೆ ನೋಡಿದರಂತೆ. ಅಂದರೆ ನುಸ್ರತಳ ದಾದಿ, ಅಪ್ಪನ ತಾಯಿ. ಬುರ್ಖಾ ಇಲ್ಲದೆ ಮೆಟ್ಟಿಲಿಳಿಯದ, ಐದು ಹೊತ್ತಿನ ನಮಾಜು ತಪ್ಪಿಸದ, ಮನೆಯವರೆಲ್ಲ ಹೆದರುವ ಹೆಂಗಸು. ಯಾರನ್ನೂ ಕೇಳದೆ ಸೊಸೆಯನ್ನು ಆಟೋದಲ್ಲಿ ಕೂರಿಸಿಕೊಂಡು ಟ್ಯುಟೋರಿಯಲ್ಲಿಗೆ ಹೋಗಿ ಹೆಸರು ಬರೆಸಿದರು. ಎರಡು ವರ್ಷ ದಿನವೂ ಜೊತೆಗೆ ಹೋಗಿ ಹೊರಗೆ ಬೆಂಚಿನ ಮೇಲೆ ತಸ್ಬಿಯ ಜಪಮಣಿ ಎಣಿಸುತ್ತಾ ಕೂತರು. ಅಮ್ಮಿ ಎಸ್ಸೆಸ್ಸೆಲ್ಸಿ ಪಾಸಾದರು. ಈಗ ಅಂಗಡಿಯ ಇಂಗ್ಲಿಷ್ ಕಾಗದ ಪತ್ರವೆಲ್ಲ ಅವರದೇ. ನುಸ್ರತ್ ವಿಮಾನ ಹತ್ತಲು ಅವಳ ಅಬ್ಬಾ ಹಿಂಜರಿದಾಗ ಒಪ್ಪಿಸಿದ್ದೂ ದಾದಿಯೇ.

"ಅದನ್ನೇ ಕೊನೇಲಿ ಹೇಳೋಣ ಅಂತಿದ್ದೆ," ಎಂದಳು. "ಸಂಪ್ರದಾಯ ಬಾಗಿಲು ಹಾಕುತ್ತೆ, ನಿಜ. ಬಾಗಿಲ ಬೀಗದ ಕೈ ಯಾರ ಹತ್ರ ಇದೆ ಅನ್ನೋದ್ ಮುಖ್ಯ ಅಂತ. ನೀನು ಅಮ್ಮಿನ ಗಲ್ಲಾ ಹಿಂದೆ ಕೂರಿಸಿ ಬೀಗ ಹಾಕ್ಬಿಟ್ಟೆ."

"ನೀನ್ ಎದ್ದಾಗ ಹೇಳ್ಬೋದಿತ್ತಲ್ಲೇ. ಮೂರು ನಿಮಿಷ ಇತ್ತು."

ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿದಳು.

"ಹೇಳಿ? ಅಷ್ಟ್ ಜನದ್ ಮುಂದೆ ನಿನ್ನ ಸುಳ್ಳಿ ಮಾಡ್ಬೇಕಿತ್ತಾ?"

ನನ್ನ ಮಾನ ಉಳಿಸಲು ತನ್ನ ಮೂರು ನಿಮಿಷವನ್ನೂ, ಸೆಮಿಫೈನಲನ್ನೂ, ಹೇಳಲು ಏನೂ ಉಳಿದಿರಲಿಲ್ಲ ಎಂಬ ಹೆಸರನ್ನೂ ಅವಳು ನುಂಗಿಕೊಂಡು ಕೂತಿದ್ದಳು. ಅಧ್ಯಕ್ಷರ ನೋಟ್‌ಬುಕ್ಕಿನಲ್ಲಿ ಇದಕ್ಕೊಂದು ನಿಯಮ ಇತ್ತೋ ಇಲ್ಲವೋ.

ಇನ್ನು ಮೇಲೆ ನನ್ನ ಜೊತೆ ನಿಲ್ಲುತ್ತೀಯಾ ಎಂದು ಕೇಳಿದೆ. ಅದನ್ನು ಕೇಳಬೇಕಾದದ್ದು ಮೊದಲು ತನ್ನನ್ನಲ್ಲ ಎಂದಳು.

"ಅಮ್ಮಿಗೆ ನೀನೇ ಹೋಗಿ ಹೇಳ್ಬೇಕು. ಆಮೇಲೆ ನೋಡೋಣ."

ಶಿವಾಜಿನಗರ

ಊರಿಗೆ ಬಂದ ಮೂರನೆಯ ದಿನ ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು, ಗಿರಾಕಿ ಕಡಿಮೆ. ಅಮ್ಮಿ ಒಳಗೆ ಕರೆದು ಸ್ಟೂಲು ಹಾಕಿದರು, ಸುಲೇಮಾನಿ ಚಹ ತರಿಸಿದರು, ಅಲ್ಲಿ ಊಟ ಸರಿಹೋಯಿತಾ ಎಂದು ವಿಚಾರಿಸಿದರು. ನುಸ್ರತ್ ಲೇಸಿನ ಸುರುಳಿಗಳ ಹಿಂದೆ ನಿಂತು, ನನಗೆ ಯಾವ ಸಹಾಯವನ್ನೂ ಮಾಡದೆ ನೋಡುತ್ತಿದ್ದಳು.

ಹೇಳಿದೆ. ಸಮರ್ಥನೆ ಇಲ್ಲದೆ, ಸಭೆಯಲ್ಲಿ ಆಡಿದ ಮಾತುಗಳನ್ನೇ ತಿರುಗಿ ಹೇಳಿದೆ, ಮೇಜಿನ ಅಂಚಿಗೆ ಮುಗಿಯುವ ಪ್ರಪಂಚದ ಮಾತನ್ನೂ ಸೇರಿಸಿ. ಅದೇ ಮೇಜು ನನ್ನ ಮೊಣಕೈ ಕೆಳಗಿತ್ತು. ಅದರ ಮೇಲೆ ಇಂಗ್ಲಿಷ್ ಪೇಪರು ಬಿಚ್ಚಿಟ್ಟಿತ್ತು.

ಅಮ್ಮಿ ಪೂರ್ತಿ ಕೇಳಿದರು.

"ಎಷ್ಟ್ ಜನ ಇದ್ರು ಬೇಟಾ ಅಲ್ಲಿ?"

"ಇನ್ನೂರು ಜನ ಇರ್ಬೋದು ಆಂಟಿ."

ಅವರು ಕನ್ನಡಕ ತೆಗೆದು ದುಪಟ್ಟಾದಿಂದ ಒರೆಸಿಕೊಂಡರು.

"ಹಂಗಾದ್ರೆ ಇನ್ನೂರು ಜನಕ್ಕೆ ನಾನು ಇನ್ನೂ ಏಳನೇ ಕ್ಲಾಸಲ್ಲೇ ನಿಂತಿದೀನಿ."

ಕೋಪದ ದನಿಯಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸುವ ಮೇಷ್ಟರ ದನಿ. ನಾನು ತಲೆ ತಗ್ಗಿಸಿದೆ. ಅಮ್ಮಿ ಡ್ರಾಯರಿನಿಂದ ಅಂಗಡಿಯ ಲೆಟರ್‌ಹೆಡ್ ಇದ್ದ ನಾಲ್ಕು ಹಾಳೆ ತೆಗೆದು ನನ್ನ ಮುಂದಿಟ್ಟರು. ಆ ಕಾಲೇಜಿಗೆ ಕಾಗದ ಬರಿ ಎಂದರು. ನಾನು ಹೇಳುತ್ತಾ ಹೋಗುತ್ತೇನೆ, ನೀನು ಬರೆದುಕೋ, ಕೊನೆಗೆ ಓದಿ ನೋಡಿ ನಾನೇ ಸಹಿ ಹಾಕುತ್ತೇನೆ. ಅಲ್ಲಿಯವರು ಅದನ್ನು ಸಭೆಯಲ್ಲಿ ಓದಲಿ, ಬಿಡಲಿ. ಓದುತ್ತಾರೆ ಆಂಟಿ ಎಂದೆ. ಯಾಕೋ ನಂಬಿಕೆ ಇತ್ತು.

ಮೊದಲ ಹಾಳೆಯಲ್ಲಿ ಶಾಲೆ, ಮೇನ್ ರೋಡು, ಅಜ್ಜನ ಹಠ. ರದ್ದಿಯವನ ತಕ್ಕಡಿಯ ಬಳಿ ಬಂದಾಗ, ಅದರಿಂದ ಮನಸ್ಸಿಗಾದ ನೋವು ಎಂದು ನಾನಾಗಿಯೇ ಒಂದು ವಾಕ್ಯ ಸೇರಿಸಿದೆ. ಅಮ್ಮಿ ಬಗ್ಗಿ ಓದಿ, ಇದನ್ನು ನಾನು ಹೇಳಲಿಲ್ಲವಲ್ಲ ಎಂದರು. ಹೊಡೆದುಹಾಕಿದೆ.

ಅಷ್ಟರಲ್ಲಿ ಒಬ್ಬ ಹೆಂಗಸು ರವಿಕೆಯ ತುಂಡು ಹಿಡಿದು ಬಂದಳು, ಅದೇ ಬಣ್ಣದ ಗುಂಡಿ ಬೇಕೆಂದು. ಅಮ್ಮಿ ಎದ್ದರು. ಹತ್ತು ಡಬ್ಬ ತೆಗೆದರು. ಹೆಂಗಸಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಬಾಗಿಲ ಬೆಳಕಿಗೆ ಹೋಗಿ ನೋಡಿದಳು, ಮತ್ತೆ ಬಂದಳು, ಇನ್ನೊಂದು ಛಾಯೆ ಇದೆಯೇ ಎಂದಳು. ನಾನು ಪೆನ್ನು ಹಿಡಿದು ಕೂತಿದ್ದೆ. ಮುಂದಿನದು ನನಗೆ ಗೊತ್ತಿತ್ತು, ಆಟೋ, ಟ್ಯುಟೋರಿಯಲ್, ಬೆಂಚು, ಎಲ್ಲ. ಬರೆಯಲಿಲ್ಲ.

ನುಸ್ರತ್ ಲೇಸಿನ ಸುರುಳಿ ಸುತ್ತುತ್ತಾ ನನ್ನ ಹತ್ತಿರ ಬಂದಳು.

"ಮುಂದಿನ ತಿಂಗಳು ಮೈಸೂರಲ್ಲಿ ನಾನು ಫಸ್ಟ್ ಮಾತಾಡ್ತೀನಿ," ಎಂದಳು. "ನೀನು ಸೆಕೆಂಡು."

"ಸರಿ," ಎಂದೆ.

ಹೆಂಗಸಿಗೆ ಕೊನೆಗೂ ಗುಂಡಿ ಸಿಕ್ಕಿತು. ಅಮ್ಮಿ ಡಬ್ಬಗಳನ್ನು ಒಂದೊಂದಾಗಿ ಸ್ವಸ್ಥಾನಕ್ಕೆ ಸೇರಿಸಿ, ಬಂದು ಕೂತು, ಕನ್ನಡಕ ಏರಿಸಿಕೊಂಡರು.

"ಎಲ್ಲಿದ್ದೆ ಬೇಟಾ ನಾನು?"

"ಏಳನೇ ಕ್ಲಾಸ್ ಮುಗಿದಿತ್ತು ಆಂಟಿ."

"ಹಾಂ," ಎಂದರು ಅಮ್ಮಿ. "ಇನ್ನೊಂದು ಹಾಳೆ ತಗೋ."